ಮೇಲಿನ ಬಾವಿಗೆ ಸುರಿದ ಉಪ್ಪು

ಕೇಳ್ರಪ್ಪ ಕೇಳಿ, ಹತ್ತಿರ ಸರಿದು ಕೂತ್ಕೊಳ್ಳಿ. ಒಂದು ಸೀಮೆಯಲ್ಲಿ ಜಗಜಟ್ಟಿರಾಯ ಅನ್ನೋ ದೊರೆ ಇದ್ದ. ಹೆಸರು ಕೇಳಿದರೆ ಹುಲಿ ಹೊಡೆದವನು ಅನ್ಕೋಬೇಕು. ಅವನು ದಿನಾ ಹೊಡೀತಿದ್ದದ್ದು ಬರೀ ತೊಗರಿಬೇಳೆ ಸಾರು! ಬೇಳೆ ಬೆಣ್ಣೆ ಹಾಗೆ ಕರಗಬೇಕು, ಇಲ್ಲದಿದ್ದರೆ ಅರಮನೆ ಅಲ್ಲಾಡೋ ಹಾಗೆ ಕೂಗಾಡೋನು.

ಬೇಳೆ ಬೇಯೋಕೆ ಸಿಹಿನೀರು ಬೇಕಲ್ಲ? ಅದು ಇದ್ದದ್ದು ಕೆಂಚವ್ವನ ಬಾವಿಯಲ್ಲಿ. ದಿನಾ ಬೆಳಗ್ಗೆ ಮುಂದೆ ಕಹಳೆ ಊದುವವನು, ಹಿಂದೆ ಬಿಂದಿಗೆ ಹೊತ್ತ ಆಳುಗಳು ಅವಳ ಬಾಗಿಲಿಗೆ ಬರೋರು. ಕಹಳೆ ಕೇಳಿದರೆ ಕೆಂಚವ್ವನ ಎದೆ ಉಬ್ಬೋದು. ಮಕ್ಕಳಿಲ್ಲ ಮರಿಯಿಲ್ಲ, ಪಾಪ, ಅವಳಿಗಿದ್ದ ದೊಡ್ಡಸ್ತಿಕೆ ಅದೊಂದೇ.

ಹೀಗಿರುವಾಗ ಅವಳ ಮೈದುನನಿಗೆ ಮದುವೆಯಾಯಿತು. ಬಾವಿ ತೋಡುವವರ ಮನೆ ಮಗಳು ಹಾಲಮ್ಮ ಓರಗಿತ್ತಿಯಾಗಿ ಬಂದಳು. ಅದೇ ಬೀದಿಯ ಮೇಲ್ಗಡೆ, ದಿಬ್ಬದ ಮಗ್ಗುಲಲ್ಲಿ ಮನೆ ಹೂಡಿದರು. ಹಾಲಮ್ಮ ಅಲ್ಲೊಂದು ಬಾವಿ ತೋಡಿಸಿದಳು. ಬಾವಿಗಿಂತ ಮೇಲೆ, ಮಳೆನೀರು ನಿಲ್ಲಲಿ ಅಂತ ಮಣ್ಣಿನ ಏರಿ ಹಾಕಿಸಿ ಕಟ್ಟೆ ಮಾಡಿಸಿದಳು. ಆ ಬಾವಿಯ ನೀರಲ್ಲಿ ಬೇಳೆ ಇನ್ನೂ ಬೇಗ ಬೆಂತು. ಸರಿ, ಕಹಳೆ ಕೆಂಚವ್ವನ ಬಾಗಿಲು ದಾಟಿ ಮೇಲಕ್ಕೆ ಹೋಯಿತು.

ಅಬ್ಬಬ್ಬಾ, ಆ ಹೊಟ್ಟೆಯುರಿ! ಉಂಡ ಅನ್ನ ಮೈಗೆ ಹತ್ತಲಿಲ್ಲ, ಮಲಗಿದರೆ ಕಣ್ಣು ಮುಚ್ಚಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ದಿಬ್ಬ ಹತ್ತಿದಳು.

"ನನ್ನ ನೀರು ಕದ್ದೆಯಲ್ಲೇ!"

"ಇಲ್ಲ ಕಣಕ್ಕ," ಅಂದಳು ಹಾಲಮ್ಮ. "ಕಟ್ಟೆ ನೀರು ಮಣ್ಣಲ್ಲಿ ಇಂಗುತ್ತೆ. ಮರಳಲ್ಲಿ ನುಸುಳಿಕೊಂಡು, ನಿಧಾನಕ್ಕೆ ನಡೆದು, ಮೊದಲು ನನ್ನ ಬಾವಿಗೆ ಬರುತ್ತೆ. ಆಮೇಲೆ ಕೆಳಗಿನ ನಿಮ್ಮ ಬಾವಿಗೆ. ದೂರ ನಡೆದಷ್ಟೂ ಕಲ್ಲುಮಣ್ಣಿನ ರುಚಿ ಹತ್ತುತ್ತೆ, ಅಷ್ಟೇ."

"ನಡೆಯೋಕೆ ನೀರಿಗೆ ಕಾಲಿದೆಯೇನೇ? ನನಗೇ ಪಾಠ ಹೇಳೋಕೆ ಬಂದೆಯಾ?"

ಮೊದಲ ಸಲ ಕೆಂಚವ್ವ ಏನು ಮಾಡಿದಳು? ಮುಂಗಾರಿನಲ್ಲಿ ಗುದ್ದಲಿ ತಗೊಂಡು ಕಟ್ಟೆಯ ಏರಿ ಒಡೆದಳು. ನೀರೆಲ್ಲ ಹಳ್ಳಕ್ಕೆ ಹರಿದುಹೋಯಿತು. ಬೇಸಿಗೆಗೆ ಹಾಲಮ್ಮನ ಬಾವಿ ಒಂದು ಮೊಳ ಇಳಿಯಿತು. ಕೆಂಚವ್ವನದು? ಅದೂ ಇಳಿಯಿತು! ಹಾಲಮ್ಮ ಮತ್ತೆ ಏರಿ ಕಟ್ಟಿದಳು.

ಎರಡನೇ ಸಲ, ನನ್ನ ಬಾವಿ ಆಳ ಮಾಡಿದರೆ ಅವಳ ನೀರೆಲ್ಲ ನನಗೇ ಬರುತ್ತೆ ಅಂತ ಲೆಕ್ಕ ಹಾಕಿ ಆಳುಗಳನ್ನ ಇಳಿಸಿದಳು. ಹಾರೆ ಠಣ್ ಅಂತು. "ಬಿರುಕಿಲ್ಲದ ಬಂಡೆ ಕಣವ್ವ, ಇದರೊಳಗೆ ನೀರು ಕೂರೋಕೆ ಜಾಗವೇ ಇಲ್ಲ," ಅಂತ ಅವರು ಮೇಲೆ ಹತ್ತಿದರು. ಕೆಂಚವ್ವನ ಮುಖ ಸಣ್ಣದಾಯಿತು.

ಮೂರನೇ ಸಲ ಮಾತ್ರ ಮಾಡಬಾರದ್ದು ಮಾಡಿದಳು. ಊರು ಉಂಡು ಮಲಗಿದ ನಡುಮಧ್ಯಾಹ್ನ, ಉಪ್ಪಿನ ಮೂಟೆ ಹೊತ್ತು ಹೋಗಿ ಹಾಲಮ್ಮನ ಬಾವಿಗೆ ಸುರಿದಳು.

ಮಾರನೇ ದಿನ ಅರಮನೆಯಲ್ಲಿ ಬೇಳೆ ಕಲ್ಲಾಗಿ ಕೂತಿತು. ದೊರೆ ತಟ್ಟೆ ಎಸೆದ. ಕಹಳೆ ವಾಪಸ್ಸು ಕೆಂಚವ್ವನ ಬಾಗಿಲಿಗೆ ಬಂತು. ಅವಳ ಬಿಂಕ ನೋಡಬೇಕಿತ್ತು ನೀವು!

ಹಾಲಮ್ಮ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಊರೆಲ್ಲ ಸೇರಿದ್ದ ದರ್ಬಾರಿನಲ್ಲಿ ಕೈಮುಗಿದಳು. "ಬುದ್ಧೀ, ಇದು ಬೇಕಂತ ಹಾಕಿದ ಉಪ್ಪು. ಹಾಕಿದವರ ಬಾವಿಗೆ ಆ ಉಪ್ಪು ತಾನೇ ಹುಡುಕಿಕೊಂಡು ಹೋಗುತ್ತೆ. ಸ್ವಲ್ಪ ದಿನ ಕಾಯಿರಿ."

ಕೆಂಚವ್ವ ಒಳಗೊಳಗೇ ನಕ್ಕಳು. ನಕ್ಕಳೇನೋ ನಿಜ, ಆದರೆ ಅವತ್ತಿನಿಂದ ದಿನಾ ಎದ್ದವಳೇ ಬಾವಿ ನೀರು ಬೊಗಸೆಯಲ್ಲಿ ಹಿಡಿದು ನೆಕ್ಕಿ ನೋಡೋಳು. ಸಿಹಿ. ಮತ್ತೆ ನೋಡೋಳು. ಸಿಹಿ. ಒಂದು ಬೆಳಗ್ಗೆ ನಾಲಿಗೆಗೆ ಇಟ್ಟಳು, ಉಪ್ಪು! ಅಯ್ಯೋ ಶಿವನೇ, ಹುಡುಕಿಕೊಂಡು ಬಂದೇಬಿಟ್ಟಿತಲ್ಲ! ಕಹಳೆ ಮತ್ತೆ ಹೋಗುತ್ತಲ್ಲ!

ಏನು ಮಾಡೋದು? ಬಾವಿಗೆ ಹಲಗೆ ಮುಚ್ಚಿದಳು. "ನಾನೇ ಮಡಿಯಲ್ಲಿ ತುಂಬಿ ಕೊಡ್ತೀನಿ" ಅಂತ ಅರಮನೆ ಆಳುಗಳನ್ನ ಹೊರಗೆ ನಿಲ್ಲಿಸಿದಳು. ಗುಡ್ಡದಾಚೆಯ ಒರತೆಯಿಂದ ಕೊಡ ಕೊಡ ಹೊತ್ತು ತಂದು ಬಿಂದಿಗೆ ತುಂಬಿದಳು. ಸೊಂಟ ಬಿದ್ದುಹೋಯಿತು, ಆದರೂ ಬಾಯಿ ಬಿಡಲಿಲ್ಲ.

ಆಗ ಅದೇ ಬೀದಿಯ ಕುಂಬಾರ ಮುದ್ದಯ್ಯ ಅರಮನೆಗೆ ಓಡಿ ಬಂದ. "ಬುದ್ಧೀ, ನನ್ನ ಬಾವಿ ಉಪ್ಪಾಗಿದೆ! ನನ್ನ ಮಕ್ಕಳಾಣೆ, ನಾನು ಹಾಕಿಲ್ಲ!" ಅವನ ಹಿಂದೆಯೇ ಗಾಣದ ಬಸಕ್ಕ ಎದೆ ಬಡಿದುಕೊಂಡು ಬಂದಳು. "ನನ್ನದೂ ಉಪ್ಪಾಯ್ತು, ನಾನೂ ಅಲ್ಲ!"

ದೊರೆ ಕೆಂಚವ್ವನನ್ನ ಕರೆಸಿದ. "ನಿನ್ನದು?"

"ಹಾಲಿನ ಹಾಗಿದೆ ಬುದ್ಧೀ."

ಹಾಲಮ್ಮ ಅಂದಳು, "ಹಾಗಾದರೆ ದೊರೆಗಳೇ ಹೋಗಿ ಸೇದಿ ಕುಡೀಲಿ."

ದೊರೆ ಹೋದ, ಹಲಗೆ ಸರಿಸಿದ, ಸೇದಿದ, ಬಾಯಿಗಿಟ್ಟ, ಥೂ ಅಂತ ಉಗಿದ.

"ಮುದ್ದಯ್ಯ, ಬಸಕ್ಕ ಹೆದರಬೇಡಿ," ಅಂದಳು ಹಾಲಮ್ಮ. "ಉಪ್ಪು ಯಾರನ್ನೂ ಹುಡುಕೋದಿಲ್ಲ. ನೆಲದೊಳಗೆ ನೀರು ಇಳಿಜಾರಿಗೆ ಹೋಗುತ್ತೆ, ಕೆಳಗಿರೋ ಬಾವಿಗೆಲ್ಲ ಉಪ್ಪು ಬರಲೇಬೇಕು. ತಪ್ಪು ಮಾಡದವರು ಬಂದು ಕೂಗಿದರು. ಮುಚ್ಚಿಟ್ಟವರು ಒಬ್ಬರೇ."

ಕೆಂಚವ್ವ ಕುಸಿದು ಕೂತಳು. "ಹೌದು, ನಾನೇ. ಆ ಕಹಳೆ ನಿನ್ನ ಮನೆಗೆ ಹೋಗೋದು ನೋಡೋಕಾಗಲಿಲ್ಲ ಕಣೇ," ಅಂತ ಗೊಳೋ ಅಂತ ಅತ್ತಳು.

ದೊರೆ ತೀರ್ಪು ಕೊಟ್ಟ: ಉಪ್ಪಾದ ಬಾವಿಗಳ ನೀರನ್ನೆಲ್ಲ ಸಿಹಿಯಾಗೋವರೆಗೆ ಇವಳೇ ಸೇದಿ ಹೊರಗೆ ಚೆಲ್ಲಬೇಕು. ಪ್ರತಿ ಮಳೆಗಾಲಕ್ಕೆ ಮುಂಚೆ ಮೇಲಿನ ಕಟ್ಟೆಯ ಏರಿಗೆ ಇವಳೇ ಮಣ್ಣು ಹೊರಬೇಕು.

ಸೇದಿದಳು, ಹೊತ್ತಳು. ಮೊದಲು ಹಾಲಮ್ಮನ ಬಾವಿ ತಿಳಿಯಾಯಿತು. ಆಮೇಲೆ, ನಿಧಾನಕ್ಕೆ, ಕೆಂಚವ್ವನದೂ. ಹೊಟ್ಟೆಯುರಿ ಪೂರ್ತಿ ಆರಿತಾ ಅಂತ ಕೇಳ್ತೀರಾ? ಎಲ್ಲಿ ಆರುತ್ತೆ! ಈಗಲೂ ಕಹಳೆ ಬಾಗಿಲು ದಾಟಿ ಹೋದರೆ ಒಳಗೆ ಚುರ್ ಅನ್ನುತ್ತೆ. ಆದರೆ ಮೋಡ ಕಟ್ಟಿದ ತಕ್ಷಣ ಯಾರೂ ಹೇಳದೆ ಮಣ್ಣು ಹೊರೋ ಮಂಕರಿ ತಗೊಂಡು ದಿಬ್ಬ ಹತ್ತುತ್ತಾಳೆ.

ತಿಳೀತಾ ಮಕ್ಕಳೇ? ಬಾವಿ ನಿಮ್ಮದು ನಮ್ಮದು ಅಂತ ಬೇರೆ ಇರಬಹುದು, ನೆಲದೊಳಗಿನ ನೀರು ಎಲ್ಲರಿಗೂ ಒಂದೇ. ಹೊಟ್ಟೆಕಿಚ್ಚಿಗೆ ಪಕ್ಕದವರ ನೀರು ಕೆಡಿಸಿದರೆ ನಾವೇ ಅದನ್ನ ಕುಡೀಬೇಕಾಗುತ್ತೆ. ಹೂಂ, ಏಳಿ ಈಗ, ಬೇಳೆ ಬೆಂದಿರಬೇಕು.