ಮುನ್ನೂರು ಗಾಜಿನ ಸೀಸೆ

"ಅಜ್ಜಾರ, ರೂಲು ಬಿಟ್ಟು ಒಂದು ಹೆಜ್ಜಿನೂ ಅತ್ಲಾಗ ಇಡದವಗ ಮನಸ್ಸಿಗೆ ಸಮಾಧಾನ ಯಾಕ ಇರೂದಿಲ್ರಿ?"

ಕೇಳಿದವನು ಅಂದಾನಪ್ಪ. ಒಂದು ಸಣ್ಣ ಕಾಲೇಜಿನಲ್ಲಿ ಸಂಶೋಧನೆಯ ಅನುದಾನ ನೋಡಿಕೊಳ್ಳುವ ಕೆಲಸ ಅವನದು. ಅಧ್ಯಾಪಕರು ಬರೆದ ಅರ್ಜಿಗಳನ್ನು ಸರಕಾರಕ್ಕೆ ಕಳಿಸಬೇಕು. ಮಂಜೂರಾಗಿ ಬಂದದ್ದು ಮಂಜೂರಾತಿಯಂತೆಯೇ ಬಳಕೆಯಾಗುವ ಹಾಗೆ ನೋಡಬೇಕು. ವರ್ಷದ ಕೊನೆಗೆ ಎಲ್ಲ ಸರಿಯಾಗಿದೆ ಎಂದು ಬರೆದುಕೊಡಬೇಕು. ಇಪ್ಪತ್ತೆರಡು ವರ್ಷದಿಂದ ಅವನು ಇದನ್ನೇ ಮಾಡುತ್ತಿದ್ದ. ಆ ಭಾನುವಾರ ಬೆಳಿಗ್ಗೆ ಮಠಕ್ಕೆ ಬಂದು ಗುರುಗಳ ಎದುರು ಕುಳಿತಿದ್ದ.

"ಏನಾಯಿತು, ಹೇಳು," ಎಂದರು ಗುರುಗಳು.

"ನಮ್ಮಲ್ಲೆ ಹುಲಿಗೆಮ್ಮ ಅಂತ ಒಬ್ಬರು ಮೇಡಂ ಅದಾರ್ರಿ. ಕುರಿಗೆ ಬರೂ ಒಂದು ಜಡ್ಡಿನ ಮ್ಯಾಲೆ ಸಂಶೋಧನೆ ಮಾಡತಾರ. ಏಳು ತಿಂಗಳಾತು, ಅವರ ಕೆಲಸ ನಿಂತೈತಿ. ಕಾಗದದಾಗ ಒಂದು ತೊಡಕು ಐತ್ರಿ. ಮಂಗಳವಾರಕ್ಕ ಅವಧಿ ಮುಗೀತದ, ಅನುದಾನ ವಾಪಸ್ ಹೋಗತದ. ನಿನ್ನೆ ನನ್ನ ಟೇಬಲ್ ಮುಂದ ನಿಂತು ಅತ್ತರು. ನನ್ನಿಂದ ತಪ್ಪಾಗಿಲ್ರಿ. ಬೇಕಾದರ ಫೈಲ್ ತಂದು ತೋರಸ್ತೀನಿ, ಒಂದೂ ತಪ್ಪಿಲ್ಲ. ಆಡಿಟ್‌ನವರೂ ಅದನ್ನ ಹೇಳ್ಯಾರ, ತಪ್ಪಿಲ್ಲ ಅಂತ."

"ಆ ತೊಡಕು ಹೇಗೆ ಬಂತು?"

"ಬಂತ್ರಿ," ಎಂದ ಅಂದಾನಪ್ಪ.

ನಲವತ್ತು ವರ್ಷ ಪ್ರವಚನ ಹೇಳಿ ಹೇಳಿ ಗುರುಗಳ ಮಾತು ಪುಸ್ತಕದ ಭಾಷೆಗೆ ಹೊಂದಿಕೊಂಡುಬಿಟ್ಟಿತ್ತು. ಸಿಟ್ಟು ಮಾತ್ರ ಮೊದಲಿನ ಹಾಗೆಯೇ ಇತ್ತು.

"ಒಂದು ಕತೆ ಹೇಳುತ್ತೇನೆ. ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡ," ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಂದು ಸಣ್ಣ ಕಾಲೇಜಿತ್ತು. ಅಲ್ಲಿ ಒಬ್ಬ ಗುಮಾಸ್ತನಿದ್ದ. ನಿನ್ನ ಕೆಲಸವೇ ಅವನ ಕೆಲಸ. ಪ್ರಾಮಾಣಿಕ. ಕೆಲಸ ಮಾಡಿಕೊಟ್ಟದ್ದಕ್ಕೆ ಯಾರಿಂದಲೂ ಒಂದು ಕಪ್ ಚಹಾ ಕುಡಿದವನಲ್ಲ. ಅವನು ಬೆರಳು ತೋರಿಸಿದ ಕಡೆ ಪ್ರಾಂಶುಪಾಲರು ಓದದೆ ರುಜು ಹಾಕುತ್ತಿದ್ದರು. ಅವನ ಮೇಲೆ ಅಷ್ಟು ನಂಬಿಕೆ.

ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಒಬ್ಬ ಅಧ್ಯಾಪಕಿ ಇದ್ದಳು. ಆಕೆಯ ತರಗತಿಗೆ ಒಂದು ಹಳ್ಳಿಯಿಂದ ಏಳೆಂಟು ಮಕ್ಕಳು ಬರುತ್ತಿದ್ದರು. ಎಲ್ಲರ ಹಲ್ಲೂ ಕಂದು. ನಗು ಬಂದರೆ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಇದು ನೀರಿನ ಕಾಟ ಎಂದು ಆಕೆಗೆ ಗೊತ್ತಾಯಿತು. ಹಳ್ಳಿಗೆ ಹೋಗಿ ನೋಡಿದಳು. ಅಲ್ಲಿ ಎರಡು ಬೋರ್‌ವೆಲ್ಲುಗಳಿದ್ದವು. ಒಂದರ ನೀರು ಸಿಹಿ, ಇನ್ನೊಂದರದು ಸವುಳು. ಜನ ಎರಡನ್ನೂ ಬೆರೆಸಿ ಕುಡಿಯುತ್ತಿದ್ದರು. ಎರಡರಲ್ಲಿ ಒಂದರಲ್ಲಾದರೂ ಫ್ಲೋರೈಡ್ ಹೆಚ್ಚಿರಬೇಕು ಎಂದು ಆಕೆ ಹೇಳಿದಳು. ಅದು ಮೊದಲು ಹಲ್ಲಿಗೆ ಬರುತ್ತದೆ, ಆಮೇಲೆ ಮೂಳೆಗೆ ಇಳಿಯುತ್ತದೆ. ಮೊಣಕಾಲು ಸೊಟ್ಟಗಾದ ಮೇಲೆ ಕುಡಿದು ಸರಿ ಮಾಡಿಕೊಳ್ಳುವ ಔಷಧಿ ಇಲ್ಲ. ಯಾವ ಬೋರಿನದು ಎಂದು ತಿಳಿದರೆ ಅದನ್ನು ಬಿಟ್ಟು ಇನ್ನೊಂದರದು ಕುಡಿಯಬಹುದು. ಆಗಬೇಕಾದ ಕೆಲಸ ಅಷ್ಟೇ ಆಗಿತ್ತು.

ಆಕೆ ಆ ಹಳ್ಳಿಯದೂ ಸುತ್ತಲಿನ ಹಳ್ಳಿಗಳದೂ ನೀರು ಪರೀಕ್ಷಿಸಲು ಅನುದಾನ ಕೇಳಿ ಅರ್ಜಿ ಬರೆದಳು. ಬೇಕಾದ ಸಾಮಾನಿನಲ್ಲಿ ಮುನ್ನೂರು ಪ್ಲಾಸ್ಟಿಕ್ ಬಾಟಲಿ ಎಂದು ಬರೆದಿದ್ದಳು. ಆ ನೀರನ್ನು ಗಾಜಿನಲ್ಲಿ ಇಡಬಾರದು. ಫ್ಲೋರೈಡ್ ಗಾಜಿಗೆ ಅಂಟಿಕೊಳ್ಳುತ್ತದೆ, ನೀರಿನಲ್ಲಿ ಎಷ್ಟಿತ್ತೆಂಬುದು ಸರಿಯಾಗಿ ಸಿಗುವುದಿಲ್ಲ.

ಅರ್ಜಿ ಕಳಿಸಲು ಅದೇ ಕೊನೆಯ ದಿನ. ಗುಮಾಸ್ತ ಅದನ್ನು ಸರಕಾರದ ನಮೂನೆಯಲ್ಲಿ ಕೂರಿಸಬೇಕಿತ್ತು. ಮೊದಲಿನಿಂದ ಟೈಪು ಮಾಡುವ ತಾಪತ್ರಯ ಯಾರಿಗೆ ಬೇಕು? ಹೋದ ವರ್ಷದ ಒಂದು ಅರ್ಜಿ ಅವನ ಕಂಪ್ಯೂಟರಿನಲ್ಲಿತ್ತು. ಸಸ್ಯಶಾಸ್ತ್ರದವರದು, ಎಲೆಗಳನ್ನು ದ್ರಾವಣದಲ್ಲಿ ಹಾಕಿಡುವ ಕೆಲಸದ್ದು. ಅದನ್ನೇ ತೆರೆದ. ಹೆಸರು ಬದಲಿಸಿದ, ವಿಷಯ ಬದಲಿಸಿದ, ಉದ್ದೇಶ ಬದಲಿಸಿದ. ಸಾಮಾನಿನ ಪಟ್ಟಿಯಲ್ಲಿ ಒಂದು ಸಾಲು ಹಳೆಯದೇ ಉಳಿದುಕೊಂಡಿತು. ಗಾಜಿನ ಸೀಸೆ, ಮುನ್ನೂರು.

ನಿಮ್ಮ ಕೆಲಸದಲ್ಲಿ ಎಲ್ಲರೂ ಒಂದಲ್ಲ ಒಂದು ದಿನ ಮಾಡುವ ತಪ್ಪು ಇದು. ಇದಕ್ಕಾಗಿ ನಾನು ಅವನನ್ನು ಬಯ್ಯುವುದಿಲ್ಲ. ಬಯ್ಯಬೇಕಾದದ್ದು ಮುಂದಿದೆ.

ಅನುದಾನ ಮಂಜೂರಾಗಿ ಬಂತು. ಗಾಜಿನ ಸೀಸೆಗೇ ಮಂಜೂರಾಗಿತ್ತು. ಅಧ್ಯಾಪಕಿ ಓಡಿ ಬಂದು ಕೇಳಿದಳು. ನೋಡುತ್ತೇನೆ ಎಂದ ಗುಮಾಸ್ತ. ಆಕೆ ಹೋದ ಮೇಲೆ ಕಂಪ್ಯೂಟರ್ ತೆರೆದು ನೋಡಿದ. ಎರಡೇ ನಿಮಿಷದಲ್ಲಿ ಅವನಿಗೆ ತಿಳಿಯಿತು.

ಆಗ ಅವನು ಎರಡು ಬಗೆಯ ಪತ್ರ ಬರೆಯಬಹುದಿತ್ತು. 'ನಮ್ಮ ಕಚೇರಿಯ ತಪ್ಪಿನಿಂದ ಒಂದು ಸಾಲು ಬೇರೆಯಾಗಿ ಹೋಗಿದೆ, ತಿದ್ದಿ ಕೊಡಿ' ಎಂದು ಬರೆದರೆ ಒಂದು ವಾರದಲ್ಲಿ ತಿದ್ದಿ ಬರುತ್ತದೆ. 'ಮಂಜೂರಾದ ಸಾಮಾನನ್ನು ಬದಲಿಸಲು ಅನುಮತಿ ಕೊಡಿ' ಎಂದು ಬರೆದರೆ ಅದು ತಜ್ಞರ ಸಮಿತಿಗೆ ಹೋಗುತ್ತದೆ. ಆ ಸಮಿತಿ ಕೂಡುವುದು ವರ್ಷಕ್ಕೊಮ್ಮೆ. ಇದೆಲ್ಲ ಗುಮಾಸ್ತನಿಗೆ ಬಾಯಿಪಾಠ. ಅವನು ಎರಡನೆಯದನ್ನು ಬರೆದ.

ಯಾಕೆಂದು ನಿನಗೆ ಹೇಳಬೇಕಾಗಿಲ್ಲ. ಮೊದಲನೆಯ ಪತ್ರದಲ್ಲಿ 'ನಮ್ಮ ಕಚೇರಿಯ ತಪ್ಪು' ಎಂಬ ಮಾತಿತ್ತು. ಆ ಕಚೇರಿಯಲ್ಲಿ ಇದ್ದವನು ಅವನೊಬ್ಬನೇ.

ಕತೆಯಲ್ಲಿ ಇಲ್ಲಿಗೆ ಬಂದಾಗಲೆಲ್ಲ ನನಗೆ ಮೈ ಉರಿಯುತ್ತದೆ, ಅಂದಾನಪ್ಪ. ಲಂಚ ತಿನ್ನುವವನನ್ನು ಬಯ್ಯಬಹುದು. ತಾನು ಕಳ್ಳ ಎಂದು ಅವನಿಗೂ ಗೊತ್ತಿರುತ್ತದೆ, ಊರಿಗೂ ಗೊತ್ತಿರುತ್ತದೆ. ಇವನನ್ನು ಏನೆಂದು ಬಯ್ಯುವುದು? ಕೈ ಶುದ್ಧ, ಕಡತ ಶುದ್ಧ, ಹಣೆಯಲ್ಲಿ ವಿಭೂತಿ.

ಅಧ್ಯಾಪಕಿ ಕೈ ಕಟ್ಟಿ ಕೂರಲಿಲ್ಲ. ತಾನೇ ಪೇಟೆಗೆ ಹೋಗಿ ಪ್ಲಾಸ್ಟಿಕ್ ಬಾಟಲಿ ತಂದಳು. ಹಳ್ಳಿಗೆ ಹೋಗಿ ಎರಡೂ ಬೋರಿನ ನೀರು ತುಂಬಿಸಿ, ಚೀಟಿ ಅಂಟಿಸಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಪರೀಕ್ಷೆ ಮಾಡುವ ಪ್ರಯೋಗಾಲಯ ಇದ್ದದ್ದು ಜಿಲ್ಲೆಯ ಊರಿನಲ್ಲಿ. ಕಾಲೇಜಿನ ಪತ್ರ, ಕಾಲೇಜಿನ ಮೊಹರು ಇಲ್ಲದ ನೀರನ್ನು ಅವರು ಮುಟ್ಟುತ್ತಿರಲಿಲ್ಲ. ಮೊಹರು ಗುಮಾಸ್ತನ ಮೇಜಿನ ಡ್ರಾದಲ್ಲಿತ್ತು.

"ಇವು ಮಂಜೂರಾತಿಯೊಳಗ ಇಲ್ರಿ ಮೇಡಂ," ಎಂದ ಗುಮಾಸ್ತ. "ಗಾಜಿನ ಸೀಸೇದಾಗ ತುಂಬಿಕೊಂಡು ಬರ್ರಿ, ನಿಂತ ಕಾಲ ಮ್ಯಾಲೆ ಶಿಕ್ಕಾ ಹಾಕಿ ಕೊಡ್ತೀನಿ."

"ಗಾಜಿಂದು ಒಯ್ದರ ಅವರು ಬಾಗಲದಾಗಿಂದನ ವಾಪಸ್ ಕಳಸ್ತಾರ್ರಿ."

"ಅದು ಅವರ ರೂಲು. ಇದು ನಮ್ಮದು."

ಆಕೆ ಬಾಟಲಿಗಳನ್ನು ಅವನ ಮೇಜಿನ ಮೇಲೆಯೇ ಬಿಟ್ಟು ಹೋದಳು. ಕಚೇರಿಯ ದಾಸ್ತಾನಿಗೆ ಸೇರದ ಸಾಮಾನು ಕಚೇರಿಯಲ್ಲಿ ಇರುವಂತಿಲ್ಲ. ಗುಮಾಸ್ತ ಅವನ್ನು ಹೊರಗೆ ಒಯ್ದು ಕಣಗಿಲೆ ಹೂವಿನ ಗಿಡದ ಬುಡಕ್ಕೆ ಸುರಿದ.

ಕೆಲವು ತಿಂಗಳು ಕಳೆದವು. ಹಳ್ಳಿಯಿಂದ ಒಬ್ಬ ಮುದುಕ ಕೋಲೂರಿಕೊಂಡು ಕಚೇರಿಗೆ ಬಂದ. ಅವನ ಮೊಣಕಾಲು ಆಗಲೇ ಸೊಟ್ಟಗಾಗಿದ್ದವು. ತನಗಾಗಿ ಅವನು ಬಂದಿರಲಿಲ್ಲ. ಮನೆಯಲ್ಲಿ ಆಗತಾನೆ ಓಡಾಡಲು ಕಲಿತ ಮೊಮ್ಮಗಳಿದ್ದಳು.

"ಯಪ್ಪಾ, ನಮಗ ನಿಮ್ಮ ಕಾಗದ ತಿಳಿಯೂದಿಲ್ಲ," ಎಂದ ಮುದುಕ. "ಎರಡರಾಗ ಯಾವ ಬೋರಿನ ನೀರು ಕುಡೀಬೇಕು, ಅಷ್ಟ ಹೇಳು."

"ಪತ್ರ ದಿಲ್ಲಿಗೆ ಹೋಗೈತಿ ಅಜ್ಜಾ. ಉತ್ತರ ಬರೂ ತನಕ ಕಾಯಬೇಕು."

"ಅಲ್ಲೀ ತನಕ ಏನು ಕುಡಿಯೂಣು?"

ಗುಮಾಸ್ತ ಮುಂದಿನ ಕಡತ ಎಳೆದುಕೊಂಡ. ಅವನ ಯಾವ ನಮೂನೆಯಲ್ಲೂ ಆ ಪ್ರಶ್ನೆ ಇರಲಿಲ್ಲ.

ಮುದುಕ ಊರಿಗೆ ಹೋಗಿ ನಾಲ್ಕು ಜನ ಹಿರಿಯರನ್ನು ಕೂಡಿಸಿದ. ಒಂದರಲ್ಲಿ ದೋಷವಿದೆ ಎಂದು ಅಧ್ಯಾಪಕಿ ಹೇಳಿ ಹೋಗಿದ್ದಳು. ಹಾಗಾದರೆ ಒಂದನ್ನು ಬಿಡಬೇಕು. ಸವುಳು ನೀರು ಬಾಯಿಗೆ ಹಾಕಿದರೆ ಮುಖ ಕಿವುಚುತ್ತದೆ, ದೋಷ ಅದರಲ್ಲೇ ಇರಬೇಕು ಎಂದುಕೊಂಡರು. ಅದನ್ನು ದನಗಳಿಗೆ ಬಿಟ್ಟರು. ಸಿಹಿ ನೀರನ್ನು ಮನೆಮಂದಿಗೆ ಇಟ್ಟುಕೊಂಡರು. ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ, ನೀನಿದ್ದರೂ ಹಾಗೆಯೇ.

ಮಾರ್ಚ್ ತಿಂಗಳು ಬಂತು. ಮಂಜೂರಾದ ಸಾಮಾನು ಕೊಳ್ಳದೆ ವರ್ಷ ಮುಗಿದರೆ ಕಾಲೇಜಿಗೆ ಕೆಟ್ಟ ಹೆಸರು. ಗುಮಾಸ್ತ ಮೂರು ಅಂಗಡಿಗಳಿಂದ ದರಪಟ್ಟಿ ತರಿಸಿದ. ಮುನ್ನೂರು ಗಾಜಿನ ಸೀಸೆ ಕೊಂಡ. ಬೀರುವಿನಲ್ಲಿ ಸಾಲಾಗಿ ಜೋಡಿಸಿ ಬೀಗ ಹಾಕಿದ. ಯಾರಿಗೂ ಬೇಡವಾದ ಸೀಸೆಗಳು. ಅವನ್ನು ಕೊಂಡವನಿಗೂ ಅದು ಗೊತ್ತಿತ್ತು.

ಆಡಿಟಿನವರು ಬಂದು ಬೀರು ತೆಗೆಸಿ ಎಣಿಸಿದರು. ಮುನ್ನೂರಕ್ಕೆ ಮುನ್ನೂರೂ ಇದ್ದವು. ಒಂದೂ ಒಡೆದಿರಲಿಲ್ಲ. ಒಡೆಯಬೇಕಾದರೆ ಯಾರಾದರೂ ಮುಟ್ಟಬೇಕಲ್ಲ. ಇಷ್ಟು ಚೊಕ್ಕ ಕಡತವನ್ನು ತಾವು ಈ ಜಿಲ್ಲೆಯಲ್ಲೇ ನೋಡಿಲ್ಲ ಎಂದು ಅವರು ಬರೆದು ಹೋದರು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಗುಮಾಸ್ತನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹಳ್ಳಿಯ ಮಕ್ಕಳೂ ಅಲ್ಲಿದ್ದರು. ಬಾಯಿ ಮುಚ್ಚಿಕೊಂಡಿದ್ದ ಕೈ ತೆಗೆದು ಅವರೂ ತಟ್ಟಿದರು.

ಅನುಮತಿ ಬಂದದ್ದು ಎರಡು ವರ್ಷ ಎರಡು ತಿಂಗಳಿಗೆ. ಸಮಿತಿ ಒಂದು ಸಲ ಕೂಡಿ, ತಜ್ಞರ ಅಭಿಪ್ರಾಯ ಲಗತ್ತಿಸಿಲ್ಲ ಎಂದು ವಾಪಸ್ಸು ಮಾಡಿತು. ಇನ್ನೊಂದು ಸಲ ಕೂಡಿ ಒಪ್ಪಿತು. ಅಧ್ಯಾಪಕಿ ಮತ್ತೆ ನೀರು ತುಂಬಿಸಿ ತಂದಳು. ಈ ಸಲ ಗುಮಾಸ್ತ ನಿಂತ ಕಾಲ ಮೇಲೆಯೇ ಮೊಹರು ಹಾಕಿ ಕೊಟ್ಟ. ಹತ್ತು ದಿನಕ್ಕೆ ಫಲಿತಾಂಶ ಬಂತು.

ದೋಷ ಇದ್ದದ್ದು ಸಿಹಿ ನೀರಿನಲ್ಲಿ. ಸವುಳು ನೀರು ಬರೀ ಸವುಳು, ಬೇರೇನೂ ಇರಲಿಲ್ಲ. ಮೊದಲು ಎರಡನ್ನೂ ಬೆರೆಸಿ ಕುಡಿಯುತ್ತಿದ್ದ ಜನ ಎರಡು ವರ್ಷ ವಿಷವನ್ನೇ ಆರಿಸಿ ಕುಡಿದಿದ್ದರು. ಒಳ್ಳೆಯದನ್ನು ದನ ಕುಡಿದಿದ್ದವು.

ಅಧ್ಯಾಪಕಿ ಅದನ್ನು ಹೇಳಲು ಹಳ್ಳಿಗೆ ಹೋದಳು. ಮುದುಕ ಕಟ್ಟೆಯ ಮೇಲೆ ಕುಳಿತಿದ್ದ. ಮೊಮ್ಮಗಳು ಆಕೆಯನ್ನು ನೋಡಿ ಎದ್ದು ಬಂದಳು. ಮೊಣಕಾಲು ಒಂದಕ್ಕೊಂದು ತಾಗುತ್ತಿದ್ದವು. ಮುದುಕ ಎಲ್ಲವನ್ನೂ ಕೇಳಿಸಿಕೊಂಡ.

"ಅವತ್ತ ಹೇಳಿದ್ದರ ಸಾಕಾಗಿತ್ತವ್ವಾ," ಎಂದ.

ಅಷ್ಟು ಹೇಳಿ ಸೊಸೆಯನ್ನು ಕರೆದು ಚಹಾ ತರಿಸಿದ. ಚಹಾ ಯಾವ ನೀರಿನದು ಎಂದು ಆಕೆ ಕೇಳಲಿಲ್ಲ. ಕೇಳಲು ತನಗೆ ಮುಖವಿಲ್ಲ ಎಂದುಕೊಂಡು ಕುಡಿದಳು. ತಪ್ಪು ಆಕೆಯದಾಗಿರಲಿಲ್ಲ. ಆದರೂ ನಾಚಿಕೆ ಪಟ್ಟವಳು ಆಕೆ.

ಗುಮಾಸ್ತ ಫಲಿತಾಂಶವನ್ನು ಕಡತಕ್ಕೆ ಸೇರಿಸಿದ. ಕೊನೆಯ ವರದಿಯಲ್ಲಿ 'ಯೋಜನೆಯ ಉದ್ದೇಶ ಪೂರ್ಣಗೊಂಡಿದೆ' ಎಂದು ಬರೆದು, ಪ್ರಾಂಶುಪಾಲರ ರುಜುವಿಗೆ ಬೆರಳು ತೋರಿಸಿದ.

ಗುರುಗಳು ಕತೆ ನಿಲ್ಲಿಸಿದರು. ಅಂದಾನಪ್ಪನ ಮುಖ ಕೆಂಪಾಗಿತ್ತು. ಕಣ್ಣಲ್ಲಿ ನೀರಿತ್ತು.

"ಎಂಥಾ ಮನಶ್ಯಾ ಇರಬೇಕ್ರಿ ಅಂವಾ," ಎಂದ. "ಒಂದು ಸಾಲು ಬರದು ಕೊಟ್ಟಿದ್ದರ ಏನು ಗಂಟು ಹೋಗತಿತ್ತು ಅವಂದು? ನೌಕರಿ ಹೋಗತಿತ್ತೇನ್ರಿ?"

"ನೌಕರಿ ಹೋಗುತ್ತಿರಲಿಲ್ಲ," ಎಂದರು ಗುರುಗಳು. "ಶಾಲು ಹೋಗುತ್ತಿತ್ತು."

ಅಂದಾನಪ್ಪ ಕಣ್ಣೊರೆಸಿಕೊಂಡ. ಇನ್ನೂ ಏನೋ ಬಯ್ಯಲು ಬಾಯಿ ತೆರೆದ. ಗುರುಗಳು ಕೈ ಎತ್ತಿ ತಡೆದರು.

"ನಾಳೆ ಸೋಮವಾರ, ಕಚೇರಿ ತೆರೆದಿರುತ್ತದೆ, ಹುಲಿಗೆಮ್ಮನ ಕಡತದಲ್ಲಿ ನೀನು ಬರೆಯದೆ ಇಟ್ಟುಕೊಂಡಿರುವ ಸಾಲು ಯಾವುದು, ಅಂದಾನಪ್ಪ?"