ತೊಳೆಯದ ಗಡಿಗೆ

ಹೊಳೆ ದಂಡೆಯ ಮೇಲೊಂದು ಆಶ್ರಮ. ಬಂದವರು ಬಾಗಿಲಲ್ಲೇ ನಿಂತು, "ಬಿಡುಗಡಿ ಬೇಕಾಗಿತ್ರಿ" ಅನ್ನುತ್ತಿದ್ದರು.

"ಯಾವ ಬಿಡುಗಡಿಪಾ? ಭವದ್ದೋ, ಕಂಪ್ಯೂಟರಿಂದೋ?" ಎಂದು ಗುರು ಪರ್ವತಯ್ಯ ಕೇಳುತ್ತಿದ್ದರು.

ತಮಾಷೆಯೇನಲ್ಲ. ಸುತ್ತಲಿನ ಶಾಲೆಗಳ ಕಂಪ್ಯೂಟರುಗಳಿಗೆ ಬೇಕಾದ ಆಪರೇಟಿಂಗ್ ಸಿಸ್ಟಮ್ ತಯಾರಾಗುತ್ತಿದ್ದದ್ದು ಆ ಆಶ್ರಮದಲ್ಲೇ. ವರ್ಷಕ್ಕೊಂದು ಹೊಸ ಬಿಡುಗಡೆ. ಮೂಲ ಕೋಡನ್ನು ಕಟ್ಟಿ, ಕಂತೆಗಳಾಗಿ ವಿಂಗಡಿಸಿ, ಪೆನ್ ಡ್ರೈವಿಗೆ ಇಳಿಸುವಂಥ, ಇಮೇಜ್ ಎಂಬ ಒಂದೇ ಕಡತ ಮಾಡಬೇಕು. ಅಷ್ಟನ್ನೂ ಗುರುಗಳೇ ಬರೆದ ಆದೇಶಗಳ ಪಟ್ಟಿ, ಒಂದು ಸ್ಕ್ರಿಪ್ಟ್, ಮಾಡುತ್ತಿತ್ತು. ಬೆಳಗಿನ ಪೂಜೆಗೆ ಶುರುವಾದರೆ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತಿತ್ತು.

ಅಲ್ಲೊಂದು ಕಟ್ಟಳೆ ಇತ್ತು. ಆಚೆ ದಂಡೆಯ ಮಠದಲ್ಲಿ ಬಾಳವ್ವ ಎಂಬ ಹಿರಿಯ ಸಾಧಕಿ ಇದ್ದಳು. ಅದೇ ಸ್ಕ್ರಿಪ್ಟನ್ನು ಅವಳೂ ತನ್ನ ಕಂಪ್ಯೂಟರಿನಲ್ಲಿ ಓಡಿಸಬೇಕು. ಎರಡೂ ದಂಡೆಯಲ್ಲಿ ಕಟ್ಟಿದರೆ ಮಾತ್ರ ಬಿಡುಗಡೆ.

ಗುರುಗಳ ಕಣ್ಣು ಮಂಜಾಗುತ್ತ ಬಂದಿತ್ತು. ಒಂದು ದಿನ ಶಿಷ್ಯ ಅಡಿವೆಪ್ಪನನ್ನು ಕರೆದು, "ಈ ಸಲದ ಬಿಡುಗಡಿ ನಿನ್ನ ಕೈಯಿಂದ ಆಗ್ಲಿ" ಅಂದರು.

ಆ ಒಂದು ಮಾತಿಗೆ ಅಡಿವೆಪ್ಪ ಎಷ್ಟೋ ವರ್ಷ ಬಾಯಿ ಬಿಟ್ಟುಕೊಂಡು ಕಾದಿದ್ದ. ಸಿಕ್ಕಿತಲ್ಲ, ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸುಮ್ಮನೆ ಓಡಿಸಿದರೆ ಗುರುಗಳ ಸ್ಕ್ರಿಪ್ಟೇ ಆಯಿತು, ತನ್ನದೇನು ಬಂತು? ಸುಧಾರಿಸಲು ಕುಳಿತ.

ಹುಣ್ಣಿಮೆ ಬರುವಷ್ಟರಲ್ಲಿ ಸ್ಕ್ರಿಪ್ಟು ಅರ್ಧಕ್ಕೆ ಇಳಿದಿತ್ತು. ಬೆಳಿಗ್ಗೆ ಹಚ್ಚಿದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಇಮೇಜ್ ಸಿದ್ಧ.

"ಏನೇನ ತಗದಿ?" ಗುರುಗಳು ಕೇಳಿದರು.

"ಬ್ಯಾಡಾದ್ದನ್ನೆಲ್ಲಾ ತಗದೇನ್ರಿ, ಅಜ್ಜಾರ."

"ಬ್ಯಾಡಾದ್ದು ಅಂತ ಹ್ಯಾಂಗ ಗೊತ್ತಾತು?"

"ಒಂದೊಂದ ಹೆಜ್ಜಿ ತಗದು ಓಡಿಸಿ ನೋಡಿದ್ನಿರಿ. ತಗದ ಮ್ಯಾಲೂ ನಡೀತು. ಅಂದ್ರ ಅದು ಬ್ಯಾಡಾಗಿತ್ತು."

"ಈಗ ಅದಕ್ಕ ಏನೇನ ಬೇಕು?"

"ಏನೂ ಬ್ಯಾಡ್ರಿ. ಮೂಲ ಒಂದಿದ್ರ ಸಾಕು."

ಗುರುಗಳು ತಲೆಯಾಡಿಸಿದರು. ಹೌದೆಂದೋ ಅಲ್ಲವೆಂದೋ ಅಡಿವೆಪ್ಪನಿಗೆ ತಿಳಿಯಲಿಲ್ಲ. ಹೌದೆಂದೇ ಹಿಡಿದ.

ಸ್ಕ್ರಿಪ್ಟು ಆಚೆ ದಂಡೆಗೆ ಹೋಯಿತು. ಸ್ವಲ್ಪ ಹೊತ್ತಿಗೇ ಬಾಳವ್ವನ ಫೋನು ಬಂತು.

"ತಮ್ಮಾ, ಶುರು ಆಗೂದ ತಡ ನಿಂತೈತಿ. ಕಂಪೈಲರ್ ಇಲ್ಲ ಅಂತೈತಿ."

ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಉಪಕರಣ ಅದು. ಅದಿಲ್ಲದೆ ಒಂದು ಸಾಲೂ ಕಟ್ಟುವುದಿಲ್ಲ.

"ನಮ್ಮಲ್ಲೆ ನಡೀತೈತ್ರಿ, ಅಕ್ಕಾರ. ನಿಮ್ಮ ಕಂಪ್ಯೂಟರ್ ನೋಡ್ಕೋರಿ" ಅಂದ ಅಡಿವೆಪ್ಪ. ಫೋನಿಟ್ಟು ಗುರುಗಳ ಕಡೆ ತಿರುಗಿ, "ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ" ಎಂದು ನಕ್ಕ.

ನಗುವೇನೋ ನಕ್ಕ. ಆದರೆ ಬಾಳವ್ವ ಹೂಂ ಅನ್ನದಿದ್ದರೆ ಬಿಡುಗಡೆ ಇಲ್ಲ. ಬಿಡುಗಡೆ ಇಲ್ಲವೆಂದರೆ ಅವನ ಕೈಗೆ ಬಂದದ್ದು ಬಾಯಿಗೆ ಬಾರದೆ ಹೋಗುತ್ತದೆ.

ಗುರುಗಳು ಸಂಜೆ ಅವನನ್ನು ಅಡುಗೆಮನೆಗೆ ಕರೆದರು.

"ನಾಳಿಗೆ ಮಸರು ಆಗಬೇಕು. ಹಾಲು ಹೂಬೆಚ್ಚಗ ಐತಿ. ಹೆಪ್ಪು ಹಾಕಬ್ಯಾಡ."

"ಹೆಪ್ಪಿಲ್ದ ಮಸರು ಆಗೂದಿಲ್ರಿ, ಅಜ್ಜಾರ."

"ಆ ಗಡಿಗ್ಯಾಗ ಹಾಕಿ ನೋಡು."

ಮೊಸರಿನ ಗಡಿಗೆ ಅದು. ಬೆಳಿಗ್ಗೆ ಬರಿದಾಗಿತ್ತು, ಯಾರೂ ತೊಳೆದಿರಲಿಲ್ಲ. ಅಡಿವೆಪ್ಪ ಅದಕ್ಕೆ ಹಾಲು ಸುರಿದ. ಉಳಿದದ್ದನ್ನು ಗುರುಗಳು, ಕುಂಬಾರ ತಂದಿಟ್ಟಿದ್ದ ಹೊಸ ಗಡಿಗೆಗೆ ತಾವೇ ಸುರಿದರು.

ಬೆಳಿಗ್ಗೆ ಹಳೆಯ ಗಡಿಗೆಯಲ್ಲಿ ಮೊಸರು ಗಟ್ಟಿಯಾಗಿ ಕೂತಿತ್ತು. ಹೊಸದರಲ್ಲಿ ಹಾಲು ಹಾಲಾಗಿಯೇ ಇತ್ತು.

"ನೋಡಿದೇನು? ನನ್ನ ಮಸರಿಗೆ ಹೆಪ್ಪ ಬ್ಯಾಡ" ಅಂದರು ಗುರುಗಳು. ಹೊಸದರತ್ತ ಕೈ ಮಾಡಿದರು. "ಬಾಳವ್ವನ ಗಡಿಗಿನ ಸರಿ ಇಲ್ಲ."

ಅಡಿವೆಪ್ಪ ಹಳೆಯ ಗಡಿಗೆಯೊಳಗೆ ಬಗ್ಗಿ ನೋಡಿದ. ಅಂಚಿನಲ್ಲಿ ನಿನ್ನೆಯ ಮೊಸರು ಒಣಗಿ ಅಂಟಿಕೊಂಡಿತ್ತು. ಅವನ ಮುಖ ಸಪ್ಪಗಾಯಿತು.

ಎದ್ದು ಕಂಪ್ಯೂಟರಿನ ಮುಂದೆ ಕುಳಿತ. ಅವನು ಕಟ್ಟುತ್ತಿದ್ದ ಫೋಲ್ಡರಿನಲ್ಲಿ ಹಿಂದಿನ ವರ್ಷಗಳ ಕಟ್ಟೋಣದ ಉಳಿಕೆಯೆಲ್ಲ ಹಾಗೇ ಬಿದ್ದಿತ್ತು. ಅದರ ನಡುವೆ ಗುರುಗಳ ಸ್ಕ್ರಿಪ್ಟು ಎಂದೋ ಕಟ್ಟಿಟ್ಟಿದ್ದ ಕಂಪೈಲರ್ ಇತ್ತು. ಮೂಲದ ಜೊತೆಗೇ ಬರುವ ಪುಟ್ಟ ಕಂಪೈಲರಿನಿಂದ ದೊಡ್ಡದನ್ನು ಕಟ್ಟಿಕೊಳ್ಳುವ ಹೆಜ್ಜೆಯನ್ನು ಅವನು ಬೇಡವೆಂದು ಕಿತ್ತಿದ್ದ. ಕಿತ್ತ ಮೇಲೂ ನಡೆದದ್ದು ಆ ಉಳಿಕೆಯ ಪುಣ್ಯದಿಂದ. ಬಾಳವ್ವ ಪ್ರತಿ ವರ್ಷ ಹೊಸ ಫೋಲ್ಡರಿನಲ್ಲಿ ಕಟ್ಟುತ್ತಿದ್ದಳು, ಅವಳಲ್ಲಿ ಉಳಿಕೆ ಇರಲಿಲ್ಲ.

ಅಳಿಸುವ ಆದೇಶ ಬರೆದ. ಒತ್ತಲು ಬೆರಳು ಏಳಲಿಲ್ಲ. ಈ ಫೋಲ್ಡರ್ ಇರುವವರೆಗೆ ಇಲ್ಲಿ ತಾನೇ ಜಾಣ. ಇದು ಹೋದರೆ ಬಾಳವ್ವನಿಗೂ ತನಗೂ ವ್ಯತ್ಯಾಸವಿಲ್ಲ.

ಒತ್ತಿದ.

ಸ್ಕ್ರಿಪ್ಟನ್ನು ಮತ್ತೆ ಓಡಿಸಿದ. ಬಾಳವ್ವನಲ್ಲಿ ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿತು.

ಮೊದಲು ಬಾಳವ್ವನಿಗೆ ಫೋನು ಮಾಡಿದ. "ಅಕ್ಕಾರ, ನೆಲಾ ಡೊಂಕ ಇದ್ದದ್ದು ನನ್ನಲ್ಲೇರಿ."

"ಇರ್ಲಿ ಬಿಡು ತಮ್ಮಾ. ನೆಟ್ಟಗ ಮಾಡಿ ಕಳಸು" ಅಂದಳು ಆಕೆ.

ತೆಗೆದ ಹೆಜ್ಜೆಗಳನ್ನು ಒಂದೊಂದಾಗಿ ಮತ್ತೆ ಪರೀಕ್ಷಿಸಿದ. ಪ್ರತಿ ಸಲವೂ ಮೊದಲು ಫೋಲ್ಡರ್ ಬರಿದು ಮಾಡುತ್ತಿದ್ದ. ಕೆಲವು ನಿಜವಾಗಿಯೂ ಬೇಡವಾಗಿದ್ದವು, ಅವು ಹೋದವು. ಬೇಕಾದವು ತಿರುಗಿ ಬಂದವು. ಕೊನೆಗೆ, ಬರಿದು ಮಾಡುವುದನ್ನೇ ಸ್ಕ್ರಿಪ್ಟಿನ ಮೊದಲ ಹೆಜ್ಜೆ ಮಾಡಿದ. ಅದೀಗ ಇಳಿಹೊತ್ತಿಗೆ ಮುಗಿಯುತ್ತಿತ್ತು. ಅವನು ಮೆರೆದಷ್ಟು ಬೇಗವಲ್ಲ, ಹಳೆಯದರಷ್ಟು ನಿಧಾನವೂ ಅಲ್ಲ.

ಆಚೆ ದಂಡೆಯಲ್ಲಿ ಬಾಳವ್ವ ಓಡಿಸಿದ ದಿನ ಅಡಿವೆಪ್ಪನಿಗೆ ಜ್ವರ. ಕಂಬಳಿ ಹೊದ್ದು ಮಲಗಿದ್ದ. ಏನು ಕೇಳಲೂ ಆಕೆ ಫೋನು ಮಾಡಲಿಲ್ಲ. ಸಂಜೆ ಒಂದೇ ಮಾತು ಬಂತು: "ಕಟ್ಟೈತಿ."

ಅಡಿವೆಪ್ಪ ಕಂಬಳಿಯ ಸಮೇತ ಎದ್ದು ಗುರುಗಳ ಬಳಿಗೆ ಓಡಿದ. ಅವನ ಕಣ್ಣು ತುಂಬಿದ್ದವು.

"ಅಜ್ಜಾರ, ಬಿಡುಗಡಿ ನನ್ನ ಕೈಯಿಂದ ಆತ್ರಿ!"

ಗುರುಗಳು ಅವನ ಬಿಸಿ ಹಣೆ ಮುಟ್ಟಿ ನೋಡಿದರು.

"ನಿನ್ನ ಕೈಯಿಂದ ಅಲ್ಲಪಾ. ನಿನ್ನ ಕೈ ಬಿಟ್ಟ ಮ್ಯಾಲ ಆತು."