ಸತ್ತ ದ್ಯಾಮವ್ವ ಹಿಡಿದ ಕೈ

ದ್ಯಾಮವ್ವನ ರೇಷನ್ ಅಕ್ಕಿ ನಿಂತಿತು. ಕಚೇರಿಯಿಂದ ಕಳಿಸಿದ ಎರಡು ಪತ್ರಕ್ಕೆ ಉತ್ತರ ಬರಲಿಲ್ಲವೆಂದು ರೇಷನ್ ಕಚೇರಿಯ ಸಾಹೇಬರು ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ‘ಪ್ರಿಸ್ಯೂಮ್ಡ್ ಡೆಡ್’ ಎಂದು ಬರೆದಿದ್ದರು. ಓದು ಬಾರದ ದ್ಯಾಮವ್ವ, ಹೆಸರಿನ ಮುಂದೆ ಏನೋ ಬರೆದಿದೆಯೆಂದು ರೇಷನ್ ಅಂಗಡಿಯವ ಹೇಳಿದ ಮೇಲೆ, ನೇರ ಕಚೇರಿಗೇ ಹೋದಳು. ಸಾಹೇಬರು ಊಟದ ಡಬ್ಬಿ ಬಿಚ್ಚುತ್ತಿದ್ದರು.

“ನನ್ನ ಹೆಸರಿನ ಮುಂದ ಬರ್ದೀರಲ್ರಿ, ಹಂಗಂದ್ರ ಏನು?”

“ಪ್ರಿಸ್ಯೂಮ್ ಅನ್ನೋದು ಲ್ಯಾಟಿನ್ ಮೂಲದ ಮಾತು. ಮೊದಲೇ ತೆಗೆದುಕೊಳ್ಳೋದು ಅಂತ ಅರ್ಥ. ಪುರಾವೆ ಸಿಗೋ ಮೊದಲೇ ನೀನು ಸತ್ತಿದ್ದೀಯ ಅಂತ ತಗೊಂಡಿದ್ದೇವೆ. ಬರೆದದ್ದು ಬರೆದಾಯ್ತು, ನಡಿ.”

ದ್ಯಾಮವ್ವ ನಡೆಯಲಿಲ್ಲ. ಅನ್ನಕ್ಕೆ ಹೊರಟಿದ್ದ ಸಾಹೇಬರ ಕೈಯನ್ನೇ ಗಟ್ಟಿಯಾಗಿ ಹಿಡಿದಳು.

“ಹೆಣಾ ಮುಟ್ಟೀರಿ ಸಾಹೇಬ್ರ. ಇನ್ನ ಜಳಕಾ ಮಾಡದ ಉಣ್ಣಂಗಿಲ್ಲ.”

ಶಾಸ್ತ್ರ ಬಿಡದ ಸಾಹೇಬರು ಬೆವರಿದರು. “ಬದುಕಿರೋಳನ್ನ ಮುಟ್ಟಿದ್ರೆ ಸ್ನಾನ ಯಾಕಮ್ಮ?”

ದ್ಯಾಮವ್ವ ರಿಜಿಸ್ಟರನ್ನು ಡಬ್ಬಿಯ ಪಕ್ಕಕ್ಕೆ ಎಳೆದಳು.

“ಈಗ ಬಾಯಿಲೆ ಅಂದದ್ದು ಇದರಾಗ ಬರೀರಿ. ಆಮ್ಯಾಲೆ ಉಣ್ಣೀರಂತ.”